ಹಜ್, ಉಮ್ರಾ ಮತ್ತು ಮೆನಿಂಜೈಟಿಸ್ ಲಸಿಕೆ: ಕಾರ್ಡಿನ ಮೇಲಿನ ದಿನಾಂಕ ಏನು ಹೇಳುತ್ತದೆ?

ನಮ್ಮ ಮನೆಯಲ್ಲಿ ಇದಕ್ಕೆ ‘ಹಜ್ ಕಾ ಇಂಜೆಕ್ಷನ್’ ಎಂದೇ ಹೆಸರು. ಭಟ್ಕಳ, ಹೊನ್ನಾವರ, ಕುಮಟಾ ಕಡೆಯಿಂದ ಪ್ರತಿ ವರ್ಷ ಹಜ್‌ಗೆ ಜನ ಹೋಗುತ್ತಾರೆ. ಉಮ್ರಾಗಂತೂ ವರ್ಷವಿಡೀ ಹೋಗುತ್ತಲೇ ಇರುತ್ತಾರೆ. ಗಲ್ಫ್‌ನಲ್ಲಿ ದುಡಿಯುವ ಮಕ್ಕಳು ತಂದೆ ತಾಯಿಯನ್ನು ಕರೆಸಿಕೊಂಡು ಉಮ್ರಾ ಮಾಡಿಸುವುದೂ ಉಂಟು. ಪಾಸ್‌ಪೋರ್ಟ್, ವೀಸಾ, ಟಿಕೆಟ್‌ಗಳಂತೆ ಲಸಿಕೆಯ ಕಾರ್ಡ್ ಕೂಡ ಒಂದು ಕಾಗದ ಅಷ್ಟೇ ಎಂದು ಬಹಳ ಮಂದಿ ತಿಳಿದಿದ್ದಾರೆ. ನಾನು ಕಾಮರ್ಸ್ ವಿದ್ಯಾರ್ಥಿ. ಜೀವಶಾಸ್ತ್ರಕ್ಕೂ ನನಗೂ ಹತ್ತನೇ ತರಗತಿಗೇ ಸಂಬಂಧ ಮುಗಿದಿದೆ. ಆದರೆ ನಮ್ಮ ದಾದಿ ಉಮ್ರಾಗೆ ಹೊರಟಾಗ ಅವರ ಕಾರ್ಡನ್ನು ಓದಿ ವಿವರಿಸುವ ಕೆಲಸ ನನ್ನ ಪಾಲಿಗೆ ಬಂತು. ಹಾಗೆ ಓದಿಕೊಂಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ರೋಗದ ಬಗ್ಗೆ. ಮೆದುಳು ಮತ್ತು ಬೆನ್ನುಹುರಿಯನ್ನು ಸುತ್ತಿರುವ ಪೊರೆಗೆ ಸೋಂಕಾಗಿ ಬಾವು ಬರುವುದೇ ಮೆನಿಂಜೈಟಿಸ್. ಇದನ್ನು ಹಲವು ರೋಗಾಣುಗಳು ತರಬಲ್ಲವು. ಅವುಗಳಲ್ಲಿ ಅತಿ ವೇಗವಾಗಿ ಕೊಲ್ಲುವಂಥದ್ದು ಮೆನಿಂಗೊಕಾಕಸ್ ಎಂಬ ಬ್ಯಾಕ್ಟೀರಿಯಾ. ಅದು ರಕ್ತಕ್ಕೂ ಸೇರಿ ಇಡೀ ದೇಹವನ್ನು ಕೆಡಿಸಬಹುದು. ಸೊಳ್ಳೆಯಿಂದ ಬರುವ ಮೆದುಳು ಜ್ವರ ಬೇರೆ, ನಮ್ಮ ಜಿಲ್ಲೆಯ ಕಾಡಂಚಿನವರಿಗೆ ಗೊತ್ತಿರುವ ಮಂಗನ ಕಾಯಿಲೆ ಬೇರೆ. ಅವುಗಳ ಲಸಿಕೆ ಹಾಕಿಸಿಕೊಂಡಿದ್ದರೂ ಮೆನಿಂಗೊಕಾಕಸ್‌ನಿಂದ ರಕ್ಷಣೆ ಸಿಗುವುದಿಲ್ಲ.

ಈ ಬ್ಯಾಕ್ಟೀರಿಯಾ ಸುಮಾರು ಹತ್ತು ಜನರಲ್ಲಿ ಒಬ್ಬರ ಗಂಟಲಿನಲ್ಲಿ ಏನೂ ತೊಂದರೆ ಕೊಡದೆ ಇರುತ್ತದೆ ಎಂಬುದು ನನಗೆ ಅತ್ಯಂತ ಆಶ್ಚರ್ಯ ತಂದ ಸಂಗತಿ. ನಮ್ಮ ವಯಸ್ಸಿನವರಲ್ಲಿ ಅದು ಇನ್ನೂ ಹೆಚ್ಚು. ಅಂಥವರಿಗೆ ಜ್ವರವೂ ಇಲ್ಲ, ಕೆಮ್ಮೂ ಇಲ್ಲ. ಕೆಮ್ಮು, ಸೀನು, ಎಂಜಲಿನ ಹನಿಗಳ ಮೂಲಕ ಹತ್ತಿರದವರಿಗೆ ಅದು ದಾಟುತ್ತದೆ. ಲಕ್ಷಾಂತರ ಜನ ಭುಜಕ್ಕೆ ಭುಜ ತಾಗಿಸಿ ತವಾಫ್ ಮಾಡುವ, ಒಂದೇ ಕೋಣೆಯಲ್ಲಿ ನಾಲ್ಕೈದು ಮಂದಿ ಮಲಗುವ ಜಾಗದಲ್ಲಿ ಏನಾಗಬಹುದು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಹಾಗೆ ಆಗಿಯೂ ಇದೆ. 1987ರ ಹಜ್‌ನಲ್ಲಿ ಈ ಬ್ಯಾಕ್ಟೀರಿಯಾದ ‘ಎ’ ಗುಂಪು ಯಾತ್ರಿಕರಲ್ಲಿ ಹರಡಿತು. ಆ ಬಳಿಕ ಸೌದಿ ಸರಕಾರ ‘ಎ’ ಮತ್ತು ‘ಸಿ’ ಗುಂಪುಗಳ ವಿರುದ್ಧದ ಲಸಿಕೆಯನ್ನು ಕಡ್ಡಾಯ ಮಾಡಿತು. ಆದರೆ 2000ದಲ್ಲಿ ಬಂದದ್ದು ‘ಡಬ್ಲ್ಯು’ ಗುಂಪು. ಕೈಯಲ್ಲಿ ಕಾರ್ಡ್ ಇತ್ತು, ಲಸಿಕೆಯನ್ನೂ ಹಾಕಿಸಿಕೊಂಡಿದ್ದರು, ಆದರೆ ಆ ಲಸಿಕೆಗೆ ಈ ಗುಂಪು ಗೊತ್ತೇ ಇರಲಿಲ್ಲ. ಹಲವು ದೇಶಗಳಲ್ಲಿ ಒಟ್ಟು 400ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ಅವರಲ್ಲಿ ಎಷ್ಟೋ ಮಂದಿ ಮಕ್ಕಾ ನೋಡಿದವರೇ ಅಲ್ಲ, ಹಾಜಿಗಳನ್ನು ಮನೆಗೆ ಬರಮಾಡಿಕೊಂಡವರು. ಮರುವರ್ಷವೂ ಹೀಗೇ ಆಯಿತು. 2002ರಿಂದ ಎ, ಸಿ, ವೈ, ಡಬ್ಲ್ಯು ಎಂಬ ನಾಲ್ಕೂ ಗುಂಪುಗಳನ್ನು ತಡೆಯುವ ಲಸಿಕೆ ಕಡ್ಡಾಯವಾಯಿತು. ಈಗ ಕಾರ್ಡಿನಲ್ಲಿ ಈ ನಾಲ್ಕು ಅಕ್ಷರಗಳು ಇವೆಯೇ ಎಂದು ನೋಡಬೇಕಾದದ್ದು ಇದೇ ಕಾರಣಕ್ಕೆ.

ಹಳೆಯ ಕಥೆ ಎನ್ನಬೇಡಿ. 2024ರ ಏಪ್ರಿಲ್, ಮೇ ತಿಂಗಳಲ್ಲಿ ಅಮೆರಿಕ, ಫ್ರಾನ್ಸ್, ಬ್ರಿಟನ್‌ಗಳಲ್ಲಿ ಉಮ್ರಾಕ್ಕೆ ಸಂಬಂಧಿಸಿದ 12 ಪ್ರಕರಣಗಳು ವರದಿಯಾದವು. ಹತ್ತು ಮಂದಿ ಸ್ವತಃ ಹೋಗಿ ಬಂದವರು, ಇಬ್ಬರು ಅವರ ಹತ್ತಿರದವರು. ಒಂಬತ್ತು ಮಂದಿ ಲಸಿಕೆ ಹಾಕಿಸಿಕೊಂಡಿರಲೇ ಇಲ್ಲ. ಉಳಿದ ಮೂವರು ಹಾಕಿಸಿಕೊಂಡಿದ್ದರೇ ಇಲ್ಲವೇ ಎಂಬುದು ಗೊತ್ತಾಗಿಲ್ಲ.

ಹಜ್ ಕಮಿಟಿಯ ಮೂಲಕ ಹೋಗುವವರಿಗೆ ಶಿಬಿರದಲ್ಲಿ ಲಸಿಕೆ ಹಾಕುತ್ತಾರೆ, ಹಾಗಾಗಿ ತಪ್ಪಿಹೋಗುವುದು ಕಡಿಮೆ. ಉಮ್ರಾಗೆ ಹೋಗುವವರು ತಾವೇ ನೋಡಿಕೊಳ್ಳಬೇಕು. ಇದು ನಮ್ಮ ದೇಶದ ಮಕ್ಕಳ ಸಾಮಾನ್ಯ ಲಸಿಕೆ ಪಟ್ಟಿಯಲ್ಲಿ ಇಲ್ಲ. ಖಾಸಗಿಯಾಗಿ ಹಾಕಿಸಿಕೊಂಡರೆ ಒಂದು ಡೋಸ್‌ಗೆ ಕೆಲವು ಸಾವಿರ ರೂಪಾಯಿ ಬೀಳುತ್ತದೆ. ಐದು ಜನರ ಕುಟುಂಬ ಹೊರಟರೆ ಅದು ಸಣ್ಣ ಖರ್ಚಲ್ಲ, ಒಪ್ಪುತ್ತೇನೆ. ಆಗಲೇ ‘ಇಂಜೆಕ್ಷನ್ ಬೇಡ, ಕಾರ್ಡ್ ಮಾತ್ರ ಸಿಗುತ್ತದಾ?’ ಎಂಬ ಮಾತು ಬರುತ್ತದೆ. ನಮ್ಮ ನೆಂಟರಲ್ಲೇ ಕೇಳಿದವರಿದ್ದಾರೆ. ಸುಳ್ಳು ಕಾಗದವನ್ನು ಚೀಲದಲ್ಲಿಟ್ಟುಕೊಂಡು ಇಹ್ರಾಮ್ ತೊಡುವುದು ನನಗಂತೂ ಸರಿ ಕಾಣುವುದಿಲ್ಲ. ಪ್ಯಾಕೇಜಿನ ಒಟ್ಟು ಹಣದ ಎದುರು ಲಸಿಕೆಯ ಹಣವನ್ನು ಇಟ್ಟು ನೋಡಿ, ಶೇಕಡಾ ಎಷ್ಟಾಗುತ್ತದೆ ಎಂದು ಲೆಕ್ಕ ಹಾಕಿ. ಅದು ನಮ್ಮ ಸಬ್ಜೆಕ್ಟ್ ತಾನೇ!

ಇನ್ನು ದಿನಾಂಕ. ಸೌದಿ ತಲುಪುವುದಕ್ಕೆ ಕನಿಷ್ಠ 10 ದಿನ ಮೊದಲು ಲಸಿಕೆ ಆಗಿರಬೇಕು. ಇದು ಬರೀ ಕಚೇರಿಯ ನಿಯಮವಲ್ಲ. ಸೂಜಿ ಚುಚ್ಚಿದ ಕ್ಷಣವೇ ರಕ್ಷಣೆ ಶುರುವಾಗುವುದಿಲ್ಲ, ದೇಹ ಪ್ರತಿಕಾಯಗಳನ್ನು ತಯಾರಿಸಿಕೊಳ್ಳಲು ಅಷ್ಟು ದಿನ ಬೇಕು. ವಿಮಾನದ ಹಿಂದಿನ ದಿನ ಓಡಿಹೋಗಿ ಹಾಕಿಸಿಕೊಂಡವರು ಜನಸಂದಣಿಗೆ ಇಳಿಯುವಾಗ ಹೆಚ್ಚುಕಡಿಮೆ ಲಸಿಕೆ ಇಲ್ಲದವರಂತೆಯೇ ಇರುತ್ತಾರೆ.

ಕಾರ್ಡ್ ಎಷ್ಟು ವರ್ಷ ನಡೆಯುತ್ತದೆ ಎಂಬುದು ಲಸಿಕೆಯ ಬಗೆಯ ಮೇಲೆ ನಿಂತಿದೆ. ಹಳೆಯ ಬಗೆ ಪಾಲಿಸ್ಯಾಕರೈಡ್, ಅದಕ್ಕೆ 3 ವರ್ಷ. ಹೊಸ ಬಗೆ ಕಾಂಜುಗೇಟ್, ಅದಕ್ಕೆ 5 ವರ್ಷ. ಕಾರ್ಡಿನಲ್ಲಿ ಬಗೆ ಬರೆಯದಿದ್ದರೆ ಬರೆಸಿಕೊಳ್ಳಿ. ಹಳೆಯದು ಹಾಕಿಸಿಕೊಂಡವರಿಗೆ ಕಾಯಿಲೆ ಬಾರದಂತೆ ತಡೆಯುತ್ತದೆ, ಆದರೆ ಗಂಟಲಿನಲ್ಲಿ ಕುಳಿತ ಬ್ಯಾಕ್ಟೀರಿಯಾವನ್ನು ಅಷ್ಟಾಗಿ ಮುಟ್ಟುವುದಿಲ್ಲ. ಕಾಂಜುಗೇಟ್ ಗಂಟಲಿನಲ್ಲಿ ನೆಲೆಯೂರುವುದನ್ನೂ ಕಡಿಮೆ ಮಾಡಬಲ್ಲದು. ಇದಕ್ಕೆ ದೊಡ್ಡ ಸಾಕ್ಷಿ ಆಫ್ರಿಕಾದಲ್ಲಿದೆ. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ತಯಾರಿಸಿದ ‘ಎ’ ಗುಂಪಿನ ಕಾಂಜುಗೇಟ್ ಲಸಿಕೆಯನ್ನು 2010ರಲ್ಲಿ ಬುರ್ಕಿನಾ ಫಾಸೊದಿಂದ ಆರಂಭಿಸಿ ಕೋಟ್ಯಂತರ ಜನರಿಗೆ ಹಾಕಿದರು. ಒಂದು ಡೋಸ್ ಅರ್ಧ ಡಾಲರ್‌ಗಿಂತ ಕಡಿಮೆ ಇರಬೇಕು ಎಂದು ಬೆಲೆಯನ್ನು ಮೊದಲು ನಿಗದಿ ಮಾಡಿ, ಆಮೇಲೆ ಲಸಿಕೆ ತಯಾರಿಸಿದರು! 2017ರ ನಂತರ ಅಲ್ಲಿ ‘ಎ’ ಗುಂಪಿನ ಕಾಯಿಲೆ ಕಂಡುಬಂದಿಲ್ಲ. ಆದ್ದರಿಂದ ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಕಾಂಜುಗೇಟ್ ಸಿಗುತ್ತದೆಯೇ ಎಂದು ಕೇಳುವುದು ಒಳ್ಳೆಯದು. ವಯಸ್ಸಾದವರಿಗೆ ಯಾವುದು ಸೂಕ್ತ ಎಂಬುದನ್ನು ವೈದ್ಯರು ಹೇಳುತ್ತಾರೆ.

ಇದರಲ್ಲಿ ಜೀವಂತ ರೋಗಾಣು ಇರುವುದಿಲ್ಲ, ಹಾಗಾಗಿ ಲಸಿಕೆಯಿಂದಲೇ ಕಾಯಿಲೆ ಬರುವುದು ಸಾಧ್ಯವಿಲ್ಲ. ತೋಳು ನೋವು, ಒಂದೆರಡು ದಿನ ಸಣ್ಣ ಜ್ವರ ಬರಬಹುದು. ಗುಲ್ಮ ತೆಗೆಸಿಕೊಂಡವರು ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಅವರಿಗೆ ಅಪಾಯ ಹೆಚ್ಚು, ಎಲ್ಲಿಗೂ ಪ್ರಯಾಣ ಮಾಡದಿದ್ದರೂ ಲಸಿಕೆ ಬೇಕಾಗಬಹುದು. ಹಿಂದೆ ಯಾವುದೇ ಲಸಿಕೆಯಿಂದ ಜೋರಾದ ಅಲರ್ಜಿ ಆಗಿದ್ದರೆ ಅದನ್ನೂ ಹೇಳಬೇಕು.

ನಾಲ್ಕು ಗುಂಪಿನ ಲಸಿಕೆ ‘ಬಿ’ ಗುಂಪನ್ನು ತಡೆಯುವುದಿಲ್ಲ. ಹಾಗಾಗಿ ಕಾರ್ಡ್ ಇದೆ ಎಂದು ಜ್ವರವನ್ನು ಕಡೆಗಣಿಸಬಾರದು. ಏಕಾಏಕಿ ಜೋರು ಜ್ವರ, ತಡೆಯಲಾಗದ ತಲೆನೋವು, ವಾಂತಿ, ಕುತ್ತಿಗೆ ಬಗ್ಗಿಸಲು ಆಗದಿರುವುದು, ಬೆಳಕು ನೋಡಲಾಗದಿರುವುದು, ಮಾತು ತಡವರಿಸುವುದು ಇದರ ಲಕ್ಷಣಗಳು. ಮೈಮೇಲೆ ಕೆಂಪು ಅಥವಾ ನೇರಳೆ ಚುಕ್ಕೆ ಎದ್ದರೆ ಗಾಜಿನ ಲೋಟವನ್ನು ಒತ್ತಿ ನೋಡಿ, ಮಾಸದಿದ್ದರೆ ಒಂದು ನಿಮಿಷವೂ ಕಾಯಬೇಡಿ. ನಮ್ಮಂಥ ಕಂದು ಚರ್ಮದ ಮೇಲೆ ಚುಕ್ಕೆ ಸುಲಭವಾಗಿ ಕಾಣುವುದಿಲ್ಲ. ಅಂಗೈ, ಅಂಗಾಲು, ಕಣ್ಣುರೆಪ್ಪೆಯ ಒಳಭಾಗ ನೋಡಬೇಕು. ಚುಕ್ಕೆ ಇಲ್ಲದೆಯೂ ಕಾಯಿಲೆ ಇರಬಹುದು.

ಚಿಕಿತ್ಸೆ ಸಿಕ್ಕರೂ ಹತ್ತರಲ್ಲಿ ಒಬ್ಬರು ಸಾಯುವ ಕಾಯಿಲೆ ಇದು. ಕೆಲವೊಮ್ಮೆ ಲಕ್ಷಣ ಕಂಡ 24 ಗಂಟೆಯೊಳಗೇ ಪ್ರಾಣ ಹೋಗುತ್ತದೆ. ಬದುಕಿದವರಲ್ಲೂ ಕೆಲವರಿಗೆ ಕಿವಿ ಹೋಗುತ್ತದೆ, ಕೆಲವರಿಗೆ ಕೈಕಾಲು ಕತ್ತರಿಸಬೇಕಾಗುತ್ತದೆ. ನಮ್ಮ ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕು ಎಂದು ಜನ ಕೇಳುತ್ತಲೇ ಇದ್ದಾರೆ. ಈಗಲೂ ಭಟ್ಕಳದಿಂದ ಮಣಿಪಾಲಕ್ಕೆ ಹೆದ್ದಾರಿ 66ರಲ್ಲಿ ಸುಮಾರು 90 ಕಿಲೋಮೀಟರ್, ಕುಮಟಾದವರಿಗೆ ಇನ್ನೂ ಸುಮಾರು 60 ಹೆಚ್ಚು. ಗಂಟೆಗಳ ಲೆಕ್ಕದಲ್ಲಿ ಕೊಲ್ಲುವ ಕಾಯಿಲೆಗೆ ಆ ದಾರಿ ಬಹಳ ಉದ್ದ. ಆದ್ದರಿಂದ ಮೊದಲು ಹತ್ತಿರದ ತಾಲೂಕು ಆಸ್ಪತ್ರೆಗೇ ಹೋಗಿ, ‘ಉಮ್ರಾದಿಂದ ಬಂದು ಇಷ್ಟು ದಿನವಾಯಿತು’ ಎಂದು ಬಾಗಿಲಲ್ಲೇ ಹೇಳಿ. ಆ ಒಂದು ಮಾತಿನಿಂದ ವೈದ್ಯರಿಗೆ ಅನುಮಾನ ಬರುತ್ತದೆ. ಆಂಟಿಬಯಾಟಿಕ್ ಇಂಜೆಕ್ಷನ್ ಅಲ್ಲೇ ಶುರುವಾದರೆ, ದೊಡ್ಡ ಆಸ್ಪತ್ರೆಗೆ ಹೋಗುವ ದಾರಿಯಲ್ಲೂ ಔಷಧ ಕೆಲಸ ಮಾಡುತ್ತಿರುತ್ತದೆ. ಕಾಯಿಲೆ ಇದೇ ಎಂದು ಗೊತ್ತಾದರೆ ಅದೇ ಮನೆಯಲ್ಲಿ ಇದ್ದವರು, ಒಂದೇ ಕೋಣೆಯಲ್ಲಿ ಮಲಗಿದವರು ಯಾರು ಯಾರು ಎಂದು ವೈದ್ಯರು ಕೇಳುತ್ತಾರೆ. ಯಾರ ಹೆಸರನ್ನೂ ಮುಚ್ಚಿಡಬೇಡಿ. ಅವರಿಗೂ ತಡೆ ಔಷಧ ಕೊಡಬೇಕಾಗುತ್ತದೆ, ಸಾಧ್ಯವಾದರೆ 24 ಗಂಟೆಯೊಳಗೆ.