ಭತ್ತದ ಎಲೆಗೆ ‘ಬೆಂಕಿ’ ಇಡುವ ಶಿಲೀಂಧ್ರ

ಮಕ್ಕಳೇ, ಭತ್ತದ ಎಲೆಗಳ ಮೇಲೆ ಕಣ್ಣಿನ ಆಕಾರದ ಚುಕ್ಕೆಗಳನ್ನು ನೋಡಿದ್ದೀರಾ? ನಡುವೆ ಬೂದಿ ಬಣ್ಣ, ಅಂಚಿನಲ್ಲಿ ಕಂದು ಬಣ್ಣ. ಚುಕ್ಕೆಗಳು ಹೆಚ್ಚಾದರೆ ಪೈರು ಸುಟ್ಟಂತೆ ಕಾಣುತ್ತದೆ. ಅದಕ್ಕೇ ನಮ್ಮ ರೈತರು ಇದನ್ನು ಬೆಂಕಿ ರೋಗ ಎನ್ನುತ್ತಾರೆ. ತೆನೆಯ ಕುತ್ತಿಗೆಗೆ ತಗುಲಿದರಂತೂ ಕಾಳು ಜೊಳ್ಳಾಗಿ ವರ್ಷದ ದುಡಿಮೆಯೇ ಹೋಗುತ್ತದೆ. ರಾಗಿಗೂ ಬೆಂಕಿ ರೋಗ ಬರುವುದುಂಟು.

ಇದಕ್ಕೆ ಕಾರಣ ಮ್ಯಾಗ್ನಪೋರ್ತೆ ಒರೈಜೆ ಎಂಬ ಶಿಲೀಂಧ್ರ. ಹೆಸರು ಬಾಯಿಗೆ ಕಷ್ಟ, ಮರೆತರೂ ಚಿಂತೆಯಿಲ್ಲ. ಇದರ ಬೀಜಾಣುವಿನಲ್ಲಿರುವುದು ಮೂರೇ ಜೀವಕೋಶಗಳು. ಕಣ್ಣಿಲ್ಲ, ಮೆದುಳಿಲ್ಲ. ಆದರೂ ತಾನು ಎಲೆಯ ಮೇಲೆ ಬಿದ್ದಿದ್ದೇನೆ ಎಂದು ಅದಕ್ಕೆ ಹೇಗೆ ತಿಳಿಯುತ್ತದೆ?

ಗಾಳಿಯಲ್ಲಿ ಬಂದ ಬೀಜಾಣು ಎಲೆಯ ಮೇಲಿನ ಇಬ್ಬನಿಯಲ್ಲಿ ನೆನೆದು, ತುದಿಯಲ್ಲಿ ಅಂಟು ಬಿಟ್ಟು ಹಿಡಿದುಕೊಳ್ಳುತ್ತದೆ. ಸ್ವಲ್ಪ ಹೊತ್ತಿನಲ್ಲೇ ಕೊಳವೆಯಂಥ ಮೊಳಕೆ ಹೊರಡುತ್ತದೆ. ಮುಟ್ಟಿದ ಜಾಗ ಗಟ್ಟಿಯಾಗಿ, ಮೇಣ ಸವರಿದಂತೆ ಇದ್ದರೆ ಕೋಶದೊಳಗೆ ‘ಸೈಕ್ಲಿಕ್ ಎ.ಎಂ.ಪಿ.’ ಎಂಬ ಪುಟ್ಟ ರಾಸಾಯನಿಕ ಹೆಚ್ಚುತ್ತದೆ. ಇದನ್ನು ಕೋಶದೊಳಗಿನ ಅಂಚೆಯವನು ಎನ್ನಬಹುದು. ಅದು ಸಂದೇಶ ಮುಟ್ಟಿಸಿದೊಡನೆ ಮೊಳಕೆಯ ತುದಿ ಉಬ್ಬಿ ಗುಮ್ಮಟದಂಥ ಕೋಶವಾಗುತ್ತದೆ. ಅಂದ ಹಾಗೆ, ಈ ಶಿಲೀಂಧ್ರವನ್ನು ಮೋಸಗೊಳಿಸುವುದು ಸುಲಭ! ಪ್ಲಾಸ್ಟಿಕ್ ಹಾಳೆಯ ಮೇಲೂ ಅದು ಗುಮ್ಮಟ ಕಟ್ಟುತ್ತದೆ. ಗುಮ್ಮಟ ಕಟ್ಟಲೊಲ್ಲದ ಜಾಗದಲ್ಲಿ ಅದನ್ನಿಟ್ಟು, ಹೊರಗಿನಿಂದ ಈ ರಾಸಾಯನಿಕ ಕೊಟ್ಟರೆ ಅಲ್ಲಿಯೂ ಕಟ್ಟುತ್ತದೆಂದು 1993ರಲ್ಲಿ ವಿಜ್ಞಾನಿಗಳು ತೋರಿಸಿದರು.

ಅದೇ ಸಂದೇಶ ಉಗ್ರಾಣವನ್ನೂ ತೆರೆಸುತ್ತದೆ. ಬೀಜಾಣು ಕೂಡಿಟ್ಟಿದ್ದ ಕೊಬ್ಬು ಮತ್ತು ಗ್ಲೈಕೋಜೆನ್ ಗುಮ್ಮಟಕ್ಕೆ ಸಾಗಿ ಅಲ್ಲಿ ಒಡೆಯುತ್ತವೆ. ಗುಮ್ಮಟದಲ್ಲಿ ಗ್ಲಿಸರಾಲ್ ತುಂಬುತ್ತದೆ. ಇದರಿಂದೇನು? ಒಂದು ಲೋಟ ನೀರಿಗೆ ನಾಲ್ಕು ಒಣದ್ರಾಕ್ಷಿ ಹಾಕಿಡಿ. ಕೆಲವು ಗಂಟೆಗಳ ನಂತರ ನೋಡಿ, ಉಬ್ಬಿರುತ್ತವೆ. ಒಳಗೆ ಸಕ್ಕರೆ ಹೆಚ್ಚಿರುವುದರಿಂದ ನೀರು ಒಳಕ್ಕೆ ಹೋಗಿದೆ. ಗುಮ್ಮಟದಲ್ಲಿಯೂ ಹೀಗೆಯೇ. ಆದರೆ ಅದರ ಗೋಡೆಯಲ್ಲಿ ಮೆಲನಿನ್ ಎಂಬ ಕಪ್ಪು ವಸ್ತುವಿನ ಪದರವಿದೆ. ನೀರು ಒಳಗೆ ಬರಬಹುದು, ಗ್ಲಿಸರಾಲ್ ಹೊರಗೆ ಹೋಗಲಾರದು. ಒತ್ತಡ ಏರುತ್ತಾ ಹೋಗಿ ವಾಯುಮಂಡಲದ ಒತ್ತಡದ ಸುಮಾರು 80 ಪಟ್ಟು ಆಗುತ್ತದೆ. ಕಾರಿನ ಚಕ್ರದಲ್ಲಿರುವ ಗಾಳಿಯ ಒತ್ತಡಕ್ಕಿಂತ ಇದು ಸುಮಾರು 40 ಪಟ್ಟು ಹೆಚ್ಚು! ಆ ಬಲದಿಂದ ಗುಮ್ಮಟದ ತಳದಲ್ಲಿ ಸೂಜಿಯಂಥ ಮೊಳೆ ಹೊರಟು ಎಲೆಯನ್ನು ಚುಚ್ಚುತ್ತದೆ.

ನಾಲ್ಕೈದು ದಿನಗಳಲ್ಲಿ ಕಣ್ಣಿನಾಕಾರದ ಚುಕ್ಕೆ ಮೂಡುತ್ತದೆ. ಒಂದೊಂದು ಚುಕ್ಕೆಯಲ್ಲೂ ಸಾವಿರಾರು ಹೊಸ ಬೀಜಾಣುಗಳು! ಈ ಸಂತಾನಕ್ಕೂ ಅದೇ ಅಂಚೆಯವನು ಬೇಕು. ಸೈಕ್ಲಿಕ್ ಎ.ಎಂ.ಪಿ. ತಯಾರಿಸುವ ಕಿಣ್ವದ ಜೀನನ್ನು ಪ್ರಯೋಗಾಲಯದಲ್ಲಿ ಕೆಡಿಸಿದಾಗ ಶಿಲೀಂಧ್ರ ನಿಧಾನವಾಗಿ ಬೆಳೆಯಿತು, ಬೀಜಾಣುಗಳು ಕಡಿಮೆಯಾದವು, ಗುಮ್ಮಟವಂತೂ ಮೂಡಲೇ ಇಲ್ಲ.

ರೈತರು ಸಿಂಪಡಿಸುವ ಕೆಲವು ಔಷಧಿಗಳು ಮೆಲನಿನ್ ತಯಾರಾಗದಂತೆ ತಡೆಯುತ್ತವೆ. ಆಗ ಗುಮ್ಮಟ ಮೂಡಿದರೂ ಗ್ಲಿಸರಾಲ್ ಸೋರಿಹೋಗುತ್ತದೆ, ಒತ್ತಡ ಏರುವುದಿಲ್ಲ. ಶಿಲೀಂಧ್ರ ಎಲೆಯ ಹೊರಗೇ ಉಳಿಯುತ್ತದೆ.