ಅಧ್ಯಯನ ಪಾಠ: ಸಂತಾನಹೀನತೆ ಮತ್ತು ಪಿಟ್ಯುಟರಿ ಗಡ್ಡೆ

(ಕಡೂರು, ತರೀಕೆರೆ ಹಾಗೂ ಅಜ್ಜಂಪುರ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರ ಅವಗಾಹನೆಗಾಗಿ)

ಮಕ್ಕಳಾಗದಿದ್ದರೆ ದೋಷವನ್ನು ಹೆಣ್ಣಿನ ಮೇಲೆ ಹೊರಿಸುವುದು, ಸೀಮಂತ ಮತ್ತು ತೊಟ್ಟಿಲು ಶಾಸ್ತ್ರಗಳಿಂದ ಆಕೆಯನ್ನು ದೂರವಿಡುವುದು, ಗಂಡನಿಗೆ ಮರುಮದುವೆಯ ಮಾತೆತ್ತುವುದು ಇನ್ನೂ ನಿಂತಿಲ್ಲ. ವಾಸ್ತವದಲ್ಲಿ ಕಾರಣವು ಗಂಡಿನಲ್ಲಿಯೂ ಇರಬಹುದು, ಹೆಣ್ಣಿನಲ್ಲಿಯೂ ಇರಬಹುದು. ಹೆಣ್ಣಿನಲ್ಲಿರಬಹುದಾದ ಕಾರಣಗಳಲ್ಲಿ ಪಿಟ್ಯುಟರಿ ಗಡ್ಡೆಯೂ ಒಂದು. ಇದು ಸುಲಭವಾಗಿ ಕಣ್ತಪ್ಪುತ್ತದೆ. ಪತ್ತೆಯಾದರೆ ಬಹುಪಾಲು ಮಾತ್ರೆಯಿಂದಲೇ ಹತೋಟಿಗೆ ಬರುತ್ತದೆ.

ಕಾರಣ: ಮಿದುಳಿನ ತಳದಲ್ಲಿ ಬಟಾಣಿ ಗಾತ್ರದ ಪಿಟ್ಯುಟರಿ ಗ್ರಂಥಿಯಿದೆ. ಬಾಣಂತಿಯಲ್ಲಿ ಎದೆಹಾಲು ಉತ್ಪತ್ತಿಯಾಗಲು ಬೇಕಾದ ಪ್ರೊಲ್ಯಾಕ್ಟಿನ್ ಹಾರ್ಮೋನನ್ನು ಇದು ಸ್ರವಿಸುತ್ತದೆ. ಗ್ರಂಥಿಯಲ್ಲಿ ಗಡ್ಡೆ ಬೆಳೆದು ಪ್ರೊಲ್ಯಾಕ್ಟಿನ್ ಹೆಚ್ಚಾದರೆ ಅಂಡಾಶಯಕ್ಕೆ ಹೋಗಬೇಕಾದ ಸಂಕೇತ ಕುಗ್ಗಿ, ಅಂಡಾಣು ಬಿಡುಗಡೆ ನಿಲ್ಲುತ್ತದೆ. ಕೊಳವೆಬಾವಿಯಲ್ಲಿ ನೀರಿದ್ದರೂ ಸ್ಟಾರ್ಟರ್ ಕೆಟ್ಟರೆ ನಲ್ಲಿಗೆ ನೀರು ಬಾರದಂತೆ, ಗರ್ಭಕೋಶ ಸರಿಯಿದ್ದರೂ ಗರ್ಭ ನಿಲ್ಲುವುದಿಲ್ಲ. ಈ ಗಡ್ಡೆ ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲ.

ಲಕ್ಷಣಗಳು: ಮುಟ್ಟು ಏರುಪೇರಾಗುವುದು ಅಥವಾ ನಿಲ್ಲುವುದು, ಬಸುರಿ, ಬಾಣಂತಿಯಲ್ಲದಿದ್ದರೂ ಎದೆಯಲ್ಲಿ ಹಾಲು ಒಸರುವುದು. ಗಡ್ಡೆ ದೊಡ್ಡದಾದರೆ ತಲೆನೋವು ಬರಬಹುದು, ಅಕ್ಕಪಕ್ಕದ ನೋಟ ಮಸುಕಾಗಬಹುದು. ದೃಷ್ಟಿ ಕುಂದಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಪರೀಕ್ಷೆ, ಚಿಕಿತ್ಸೆ: ಮೊದಲು ರಕ್ತದಲ್ಲಿ ಪ್ರೊಲ್ಯಾಕ್ಟಿನ್ ಮತ್ತು ಥೈರಾಯ್ಡ್ ಪರೀಕ್ಷೆ, ಅಗತ್ಯವಿದ್ದರೆ ಎಂ.ಆರ್.ಐ. ಥೈರಾಯ್ಡ್ ಕೊರತೆಯಿಂದಲೂ, ವಾಂತಿಗೆ ನುಂಗುವ ಡೊಂಪೆರಿಡೋನ್‌ನಂತಹ ಮಾತ್ರೆಗಳಿಂದಲೂ ಪ್ರೊಲ್ಯಾಕ್ಟಿನ್ ಏರುತ್ತದೆ; ಆದ್ದರಿಂದ ಸೇವಿಸುತ್ತಿರುವ ಔಷಧಿಗಳೆಲ್ಲವನ್ನೂ ವೈದ್ಯರಿಗೆ ತಿಳಿಸಬೇಕು. ಕ್ಯಾಬರ್ಗೋಲಿನ್ ಅಥವಾ ಬ್ರೋಮೋಕ್ರಿಪ್ಟಿನ್ ಮಾತ್ರೆಯಿಂದ ಹೆಚ್ಚಿನವರಲ್ಲಿ ಗಡ್ಡೆ ಕುಗ್ಗಿ, ಮುಟ್ಟು ಮರಳಿ, ಗರ್ಭಧಾರಣೆ ಸಾಧ್ಯವಾಗುತ್ತದೆ. ಮಾತ್ರೆಗೆ ಬಗ್ಗದಿದ್ದರೆ ಮೂಗಿನ ಮೂಲಕ ಶಸ್ತ್ರಚಿಕಿತ್ಸೆ ಮಾಡಲಾಗುತ್ತದೆ. ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬಾರದು. ಗರ್ಭ ನಿಂತ ಕೂಡಲೇ ಅವರಿಗೆ ತಿಳಿಸಬೇಕು.

ಸದಸ್ಯರು ಮಾಡಬೇಕಾದುದು:

1. ಒಂದು ವರ್ಷ ಪ್ರಯತ್ನಿಸಿಯೂ ಗರ್ಭ ನಿಲ್ಲದಿದ್ದರೆ (ಪತ್ನಿಗೆ 35 ದಾಟಿದ್ದರೆ ಆರು ತಿಂಗಳು) ದಂಪತಿಗಳಿಬ್ಬರೂ ಪರೀಕ್ಷೆಗೆ ಹೋಗುವಂತೆ ತಿಳಿವಳಿಕೆ ನೀಡುವುದು.

2. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೋಷಣಾ ಸಮಿತಿಯ ಸಭೆಯಲ್ಲಿ ಆಶಾ ಕಾರ್ಯಕರ್ತೆಯರೊಡನೆ ಈ ಲಕ್ಷಣಗಳನ್ನು ಚರ್ಚಿಸುವುದು.

3. ಪ್ರಾಥಮಿಕ ಆರೋಗ್ಯ ಕೇಂದ್ರ, ತಾಲ್ಲೂಕು ಆಸ್ಪತ್ರೆಯ ಮೂಲಕ ಚಿಕ್ಕಮಗಳೂರು ಜಿಲ್ಲಾ ಆಸ್ಪತ್ರೆಗೆ ಅಥವಾ ತರೀಕೆರೆ ಭಾಗಕ್ಕೆ ಸಮೀಪದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗಲು ನೆರವಾಗುವುದು.

4. ಯಾವುದೇ ಮಹಿಳೆಯ ಹೆಸರನ್ನು ಸಭೆಯಲ್ಲಿ ಪ್ರಸ್ತಾಪಿಸಬಾರದು. ನಡವಳಿ ಪುಸ್ತಕದಲ್ಲಿ ದಾಖಲಿಸಬಾರದು.

ಚರ್ಚೆಗೆ: ನಿಮ್ಮ ವಾರ್ಡಿನಲ್ಲಿ ಮಕ್ಕಳಿಲ್ಲದ ದಂಪತಿಗಳು ಮೊದಲು ಎಲ್ಲಿಗೆ ಹೋಗುತ್ತಾರೆ? ಗಂಡಂದಿರು ಪರೀಕ್ಷೆಗೆ ಬರುವಂತೆ ಮಾಡಲು ಪುರುಷ ಸದಸ್ಯರು ಏನು ಮಾಡಬಲ್ಲರು?