ಫೀಸು ಕಟ್ಟುವ ಮೊದಲು ಬಣ್ಣದ ಪರೀಕ್ಷೆ

ಹುಡುಗ ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಓದಿದವನು. ಊರು ಹಳೇಬೀಡಿಗೆ ಅಂಟಿಕೊಂಡಂತಿರುವ ಬಸ್ತಿಹಳ್ಳಿ. ಅವನು ನನ್ನ ಅಕ್ಕನ ಮಗ. ನಮ್ಮ ಜಿಲ್ಲೆಯ ಗೊರೂರಿನಲ್ಲಿ ಬೆಳೆದ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಹಾರಿಸಿದ ಕಥೆ ಕೇಳುತ್ತ ಬೆಳೆದವನಿಗೆ ಆಕಾಶ ದೂರ ಅನ್ನಿಸಿರಲಿಲ್ಲ. ಪೈಲಟ್ ಆಗುತ್ತೇನೆ ಎಂದಾಗ ಮನೆಯಲ್ಲಿ ಯಾರೂ ನಗಲಿಲ್ಲ. ಭಾವ ತೆಂಗಿನ ತೋಟದ ಪತ್ರವನ್ನೇ ಬೀರುವಿನಿಂದ ಹೊರತೆಗೆದರು.

‘ಮೊದಲ ಕಂತು ಕಟ್ಟಿಬಿಡಿ, ಮೆಡಿಕಲ್ ಆಮೇಲೆ ನೋಡ್ಕೊಳ್ಳೋಣ’ ಎಂದು ತರಬೇತಿ ಸಂಸ್ಥೆಯೊಂದರ ಪ್ರತಿನಿಧಿ ಫೋನಿನಲ್ಲಿ ಅವಸರಪಡಿಸುತ್ತಿದ್ದರು. ತಡೆದವರು ಅರಸೀಕೆರೆ ಜಂಕ್ಷನ್ನಿನಲ್ಲಿ ಕೆಲಸ ಮಾಡಿ ನಿವೃತ್ತರಾಗಿದ್ದ ಹಿರಿಯರೊಬ್ಬರು. ‘ರೈಲು ಓಡಿಸೋರಿಗೇ ಬಣ್ಣದ ಪುಸ್ತಕ ತೋರಿಸಿ ತಗೋತಾರೆ ಕಣಪ್ಪ, ವಿಮಾನದೋರು ಬಿಡ್ತಾರಾ? ಮೊದ್ಲು ಕಣ್ಣು ತೋರಿಸ್ಕೊಂಡು ಬಾ’ ಅಂದರು. ಇಡೀ ಕುಟುಂಬವನ್ನು ಸಾಲದಿಂದ ಉಳಿಸಿದ್ದು ಆ ಒಂದು ಮಾತು.

ಹಾಸನದ ಕಣ್ಣಿನ ವೈದ್ಯರು ಮುಂದಿಟ್ಟದ್ದು ಇಶಿಹಾರ ಪುಸ್ತಕ. ಜಪಾನಿನ ವೈದ್ಯ ಶಿನೊಬು ಇಶಿಹಾರ 1917ರಲ್ಲಿ ಪ್ರಕಟಿಸಿದ, ಬಣ್ಣದ ಚುಕ್ಕಿಗಳೊಳಗೆ ಅಂಕಿಗಳನ್ನು ಅಡಗಿಸಿಟ್ಟ ಹಾಳೆಗಳವು. ಮೊದಲ ಹಾಳೆಯ 12 ಎಲ್ಲರಿಗೂ ಕಾಣುತ್ತದೆ, ಹುಡುಗನಿಗೂ ಕಂಡಿತು. ಎರಡನೆಯದರಲ್ಲಿ ನನಗೆ 8 ಸ್ಪಷ್ಟವಾಗಿತ್ತು. ‘ಮೂರು’ ಅಂದ ಅವನು. ನಾನು ಬೆಚ್ಚಿದೆ. ಕೆಂಪು–ಹಸಿರು ಭೇದ ಮಸುಕಾದ ಕಣ್ಣು ಆ ಹಾಳೆಯನ್ನು ಓದುವುದೇ ಹಾಗೆ. ಇನ್ನೂ ಸೋಜಿಗವೆಂದರೆ, ಸಾಮಾನ್ಯ ದೃಷ್ಟಿಯವರಿಗೆ ಬರೀ ಚುಕ್ಕಿಗಳಾಗಿ ಕಾಣುವ ಕೆಲವು ಹಾಳೆಗಳಲ್ಲಿ ವರ್ಣಾಂಧತೆ ಇರುವವರು ಅಂಕಿ ಓದಿಬಿಡುತ್ತಾರೆ. ಹುಡುಗ ಸರಾಗವಾಗಿ ಓದಿದ, ನನಗೇನೂ ಕಾಣಲಿಲ್ಲ.

ಮನೆಗೆ ಬಂದ ಮೇಲೆ ಶುರುವಾದದ್ದು ಬೇರೆಯೇ ಸಂಕಟ. ಬಸುರಿಯಾಗಿದ್ದಾಗ ಗ್ರಹಣ ನೋಡಿದ್ದಳೇನೋ ಎಂದು ಯಾರೋ ಅಕ್ಕನ ಮೇಲೆ ಮಾತು ತಿರುಗಿಸಿದರು. ಇದು ನನಗೆ ಇವತ್ತಿಗೂ ಸಿಟ್ಟು ತರಿಸುತ್ತದೆ. ಕೆಂಪು–ಹಸಿರು ವರ್ಣಾಂಧತೆಯ ವಂಶವಾಹಿ ಇರುವುದು ಎಕ್ಸ್ ವರ್ಣತಂತುವಿನಲ್ಲಿ. ತಂದೆ ಅದನ್ನು ಮಗನಿಗೆ ದಾಟಿಸಲಾರ, ಮಗಳಿಗೆ ದಾಟಿಸದೆ ಇರಲಾರ. ಮಗಳಿಗೆ ಇನ್ನೊಂದು ಸರಿಯಾದ ಎಕ್ಸ್ ಇರುವುದರಿಂದ ಅವಳ ಕಣ್ಣಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ. ಅವಳ ಗಂಡುಮಕ್ಕಳಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ. ನಮ್ಮಪ್ಪ ಗಿಡದಲ್ಲಿ ಹಣ್ಣು ಮೆಣಸಿನಕಾಯಿ ಬಿಡಿಸುವಾಗ ಹಸಿಯದನ್ನೂ ಸೇರಿಸಿ ಕಿತ್ತು ಅವ್ವನ ಕೈಲಿ ಬೈಸಿಕೊಳ್ಳುತ್ತಿದ್ದದ್ದು ಆಗ ನೆನಪಾಯಿತು. ಮಗನಾದ ನನಗೆ ಅದು ಬರಲಿಲ್ಲ. ಅಕ್ಕ ತನಗೇ ಗೊತ್ತಿಲ್ಲದೆ ಹೊತ್ತು ತಂದಳು. ಅದರಲ್ಲಿ ಅವಳ ತಪ್ಪು ಎಳ್ಳಷ್ಟೂ ಇಲ್ಲ.

‘ಮಾವ, ಕಾರು ಓಡಿಸೋಕಾಗುತ್ತೆ, ವಿಮಾನ ಯಾಕಾಗಲ್ಲ?’ ಎಂಬ ಅವನ ಪ್ರಶ್ನೆ ನ್ಯಾಯದ್ದೇ. ಅಲ್ಪ ಮತ್ತು ಮಧ್ಯಮ ಪ್ರಮಾಣದ ವರ್ಣಾಂಧತೆ ಇರುವವರಿಗೆ ಚಾಲನಾ ಪರವಾನಗಿ ಕೊಡಬಹುದೆಂದು ಕೇಂದ್ರ ಸರ್ಕಾರ 2020ರಲ್ಲೇ ನಿಯಮ ಬದಲಿಸಿದೆ. ಆದರೆ ರಸ್ತೆಯ ಸಿಗ್ನಲ್ಲಿನಲ್ಲಿ ಕೆಂಪು ಮೇಲೆ, ಹಸಿರು ಕೆಳಗೆ; ಬಣ್ಣ ತಿಳಿಯದಿದ್ದರೂ ಜಾಗ ನೋಡಿ ತಿಳಿಯಬಹುದು. ರಾತ್ರಿ ವಿಮಾನ ಇಳಿಸುವವನಿಗೆ ಆ ಅನುಕೂಲವಿಲ್ಲ. ರನ್‌ವೇ ಪಕ್ಕದಲ್ಲಿ ‘ಪಾಪಿ’ ಎಂಬ ನಾಲ್ಕು ದೀಪಗಳ ಸಾಲಿದೆ. ಎರಡು ಬಿಳಿ, ಎರಡು ಕೆಂಪು ಕಂಡರೆ ಇಳಿಯುವ ಎತ್ತರ ಸರಿ. ನಾಲ್ಕೂ ಬಿಳಿಯಾದರೆ ತೀರಾ ಮೇಲಿದ್ದೀರಿ. ನಾಲ್ಕೂ ಕೆಂಪಾದರೆ ಅಪಾಯಕಾರಿಯಾಗಿ ಕೆಳಗಿದ್ದೀರಿ. ರೇಡಿಯೊ ಕೆಟ್ಟರೆ ಕಂಟ್ರೋಲ್ ಟವರ್ ಮಾತಾಡುವುದೂ ಹಸಿರು, ಕೆಂಪು, ಬಿಳಿ ಬೆಳಕಿನಲ್ಲೇ.

2002ರ ಜುಲೈ 26ರ ನಸುಕಿನಲ್ಲಿ ಅಮೆರಿಕದ ಟ್ಯಾಲಹ್ಯಾಸಿಯಲ್ಲಿ ಫೆಡೆಕ್ಸ್‌ನ ಬೋಯಿಂಗ್ 727 ಸರಕು ವಿಮಾನ ರನ್‌ವೇ ತಲುಪುವ ಮೊದಲೇ ಮರಗಳಿಗೆ ಬಡಿದು ನೆಲಕ್ಕೆ ಬಿತ್ತು. ಒಳಗಿದ್ದ ಮೂವರೂ ಗಾಯಗೊಂಡು ಬದುಕಿದರು. ವಿಮಾನ ಇಳಿಸುತ್ತಿದ್ದ ಸಹ ಪೈಲಟ್‌ಗೆ ವರ್ಣದೃಷ್ಟಿಯ ದೋಷವಿತ್ತು. ಪೈಲಟ್‌ಗಳ ದಣಿವಿನ ಜೊತೆಗೆ ಅದೂ ಒಂದು ಕಾರಣ ಎಂದು ತನಿಖೆ ಹೇಳಿತು. ಇದನ್ನು ಓದಿದ ಮೇಲೆ, ನಿಯಮ ಕ್ರೂರ ಎನ್ನುವ ಮಾತು ನನ್ನ ಬಾಯಲ್ಲಿ ಬರಲಿಲ್ಲ.

ಹಾಗೆಂದು ಪುಸ್ತಕದಲ್ಲಿ ಸೋತವರೆಲ್ಲರ ಬಾಗಿಲು ಅಲ್ಲಿಗೇ ಮುಚ್ಚಬೇಕೆಂದು ಅಂತಾರಾಷ್ಟ್ರೀಯ ನಿಯಮವೂ ಹೇಳುವುದಿಲ್ಲ. ಇಶಿಹಾರ ತಪ್ಪಿದರೂ ವಿಮಾನಯಾನದ ಬಣ್ಣದ ದೀಪಗಳನ್ನು ಸರಿಯಾಗಿ ಗುರುತಿಸಬಲ್ಲವರನ್ನು ಅರ್ಹರೆಂದು ಪರಿಗಣಿಸಲು ಅದರಲ್ಲಿ ಅವಕಾಶವಿದೆ. ಲಂಡನ್ನಿನ ಸಿಟಿ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಕಂಪ್ಯೂಟರ್ ಪರೀಕ್ಷೆ ದೋಷ ಎಷ್ಟಿದೆ ಎಂದು ಅಳೆದೇ ಹೇಳುತ್ತದೆ. ಆಸ್ಟ್ರೇಲಿಯಾದಲ್ಲಿ ಡೆನಿಸನ್ ಎಂಬ ಪೈಲಟ್ ನ್ಯಾಯಮಂಡಳಿಗೆ ಹೋಗಿ 1989ರಲ್ಲಿ ಗೆದ್ದ ಮೇಲೆ ಅಲ್ಲಿ ವರ್ಣಾಂಧತೆ ಇರುವ ಅನೇಕರು ಹಾರಾಡುವಂತಾಯಿತು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಇಂಥ ವಿದ್ಯಾರ್ಥಿಗಳನ್ನು ಹೊರಗಿಡಬಾರದೆಂದು ನಮ್ಮ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. ಸಿನಿಮಾ ಎಡಿಟಿಂಗ್ ಬೇರೆ, ವಿಮಾನ ಬೇರೆ, ನಿಜ. ಆದರೂ ದೋಷ ಇದೆಯೋ ಇಲ್ಲವೋ ಎಂದಷ್ಟೇ ಕೇಳದೆ, ಎಷ್ಟಿದೆ ಎಂದೂ ಕೇಳುವುದು ನ್ಯಾಯವೆಂದೇ ನನ್ನ ಅಭಿಪ್ರಾಯ.

ನಮ್ಮ ಹುಡುಗನ ದೋಷ ತೀವ್ರವಾದದ್ದು. ಕೆಲ ದಿನ ಅವನು ಯಾರೊಂದಿಗೂ ಮಾತಾಡಲಿಲ್ಲ. ಬಣ್ಣದ ಕನ್ನಡಕ, ಲೆನ್ಸ್ ಮಾರುವವರ ವಿಡಿಯೊಗಳನ್ನು ತೋರಿಸಿದ. ಅವುಗಳಿಂದ ಹುಟ್ಟು ದೋಷ ವಾಸಿಯಾಗುವುದಿಲ್ಲ, ವಿಮಾನಯಾನದ ಪರೀಕ್ಷೆಯಲ್ಲಿ ಅವು ನಡೆಯುವುದೂ ಇಲ್ಲ. ಏರ್ ಟ್ರಾಫಿಕ್ ಕಂಟ್ರೋಲರ್ ಆಗುವೆನೆಂದ. ಅಲ್ಲೂ ಬಣ್ಣದ ಪರೀಕ್ಷೆ ಇದೆ. ಕೊನೆಗೆ ಏರೋನಾಟಿಕಲ್ ಎಂಜಿನಿಯರಿಂಗ್ ಸೇರಿದ. ರೆಕ್ಕೆಯ ಮೇಲಿನ ಗಾಳಿಯ ಲೆಕ್ಕಕ್ಕೆ ಕೆಂಪು–ಹಸಿರಿನ ಹಂಗಿಲ್ಲ.

ಪೈಲಟ್ ಆಗುವ ಮಕ್ಕಳಿರುವ ಮನೆಯವರು ಇಷ್ಟು ಮಾಡಿ. ಹತ್ತನೇ ತರಗತಿಯಲ್ಲೇ ಕಣ್ಣಿನ ವೈದ್ಯರ ಬಳಿ ಇಶಿಹಾರ ಪರೀಕ್ಷೆ ಮಾಡಿಸಿ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ಮಾನ್ಯತೆಯ ವೈದ್ಯರಿಂದ ಕ್ಲಾಸ್ 2 ವೈದ್ಯಕೀಯ ಪರೀಕ್ಷೆ, ಆಮೇಲೆ ಬೆಂಗಳೂರಿನ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಲ್ಲೋ ಬೇರೆ ಮಾನ್ಯ ಕೇಂದ್ರದಲ್ಲೋ ಕ್ಲಾಸ್ 1 ಮುಗಿಸಿ. ಕಮರ್ಷಿಯಲ್ ಲೈಸೆನ್ಸಿಗೆ ಬೇಕಾದದ್ದು ಕ್ಲಾಸ್ 1. ಅದು ಕೈಗೆ ಬರುವ ತನಕ ಯಾವ ತರಬೇತಿ ಸಂಸ್ಥೆಗೂ ದೊಡ್ಡ ಮೊತ್ತ ಕಟ್ಟಬೇಡಿ. ಬೇಲೂರು, ಅರಸೀಕೆರೆ ಕಡೆಯ ಹೈಸ್ಕೂಲುಗಳಲ್ಲಿ ಕಣ್ಣಿನ ಶಿಬಿರ ನಡೆಸುವವರಲ್ಲೂ ಒಂದು ವಿನಂತಿ: ದೂರದ ಅಕ್ಷರ ಓದಿಸಿದ ಮೇಲೆ ಮಕ್ಕಳ ಮುಂದೆ ಆ ಬಣ್ಣದ ಪುಸ್ತಕವನ್ನೂ ಹಿಡಿಯಿರಿ.